ಗೋಣಿಬೀಡಿನ ಅಕ್ಕನಿಗೆ ಏನು ಇಷ್ಟ?

ಗೋಣಿಬೀಡಿನ ಅಕ್ಕ ತೀರಿಕೊಂಡ ಮೇಲೆ ಅವರ ಯಜಮಾನರು ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿದರು. ನಾನು ಮೂಡಿಗೆರೆಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ಯಾರದೋ ಮದುವೆಯ ಬ್ಲೌಸಿಗೆ ಹುಕ್ ಹೊಲಿಯುತ್ತ ಕೂತಿದ್ದೆ. ಫೋನಿನ ಮೇಲೆ ‘ಗೋಣಿಬೀಡು ಅಕ್ಕ’ ಎಂಬ ಹೆಸರು ಬಂದದ್ದು ನೋಡಿ ಕೈಯಲ್ಲಿದ್ದ ಸೂಜಿ ಜಾರಿ ಬಿತ್ತು. ಪುಣ್ಯಾತ್ಮ ಅಕ್ಕನ ಫೋನಿನಿಂದಲೇ ಮಾಡಿದ್ದರು. ನನ್ನ ನಂಬರು ಬೇರೆಲ್ಲಿ ಸಿಗಬೇಕು ಅವರಿಗಾದರೂ.

“ಟೈಲರಮ್ಮ, ಕೆಲ್ಸದಲ್ಲಿದ್ರಾ?” ಎಂದರು.

“ಇಲ್ಲ ಅಣ್ಣ, ಹೇಳಿ.”

“ನಾಡಿದ್ದು ತಿಥಿ. ಎಡೆ ಇಡ್ಬೇಕಲ್ಲ. ಅವ್ಳು ದಿನಾ ನಿಮ್ಮ ಗ್ರೂಪಿಗೆ ರಾತ್ರಿ ಅಡುಗೆ ಫೋಟೋ ಹಾಕ್ತಿದ್ಲು. ಅವ್ಳಿಗೆ ಊಟಕ್ಕೆ ಎಂತ ಇಷ್ಟ ಇತ್ತು ಅಂತ ನಿಮಗೇನಾದ್ರೂ ಗೊತ್ತಾ?”

ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ತಿಥಿಯ ದಿನ ಹೋದವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ ಬಾಳೆಲೆಯ ಮೇಲೆ ಬಡಿಸಿ ಇಡುತ್ತಾರೆ. ಅದೇ ಎಡೆ. ಕುಡಿಯುವವರಾಗಿದ್ದರೆ ಒಂದು ಕ್ವಾರ್ಟರ್ ಬಾಟ್ಲಿ, ಸೇದುವವರಾಗಿದ್ದರೆ ಒಂದು ಕಟ್ಟು ಬೀಡಿ, ಎಲೆಅಡಿಕೆಯವರಾಗಿದ್ದರೆ ಹೊಗೆಸೊಪ್ಪು, ಯಾವುದನ್ನೂ ಬಿಡುವುದಿಲ್ಲ. ನಮ್ಮ ಮಾವನವರ ಎಡೆಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಗೋಳಿಬಜೆ ತರಿಸಿ ಇಟ್ಟಿದ್ದೆವು, ಬದುಕಿರುವ ತನಕ ಡಾಕ್ಟರು ಅದನ್ನು ತಿನ್ನಲು ಬಿಟ್ಟಿರಲಿಲ್ಲ. ಇಷ್ಟದ್ದು ಎಲೆಯ ಮೇಲೆ ಇಲ್ಲದೆ ಹೋದರೆ ಹೋದವರು ಹಸಿದುಕೊಂಡೇ ಹೋಗುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆ ಮನುಷ್ಯ ನಂಬಿದ್ದರು. ಹೆಂಡತಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲು ಅವರಿಗೆ ಮನಸ್ಸಿರಲಿಲ್ಲ, ಅದಕ್ಕೇ ಫೋನ್ ಮಾಡಿದ್ದರು.

ನನಗೆ ಮೊದಲು ಬಂದದ್ದು ಸಿಟ್ಟು. ತಲೆ ನರೆಯುವವರೆಗೆ ಒಂದೇ ಸೂರಿನಡಿ ಬಾಳಿ, ಹೆಂಡತಿಗೆ ಏನು ಇಷ್ಟ ಎಂದು ಊರಿನ ಟೈಲರಮ್ಮನನ್ನು ಕೇಳುವ ಗಂಡಸು! ಬಾಯಿಗೆ ಬಂದದ್ದು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ‘ಕಳಲೆ ಪಲ್ಯ’ ಎಂಬ ಉತ್ತರ ನಾಲಗೆಯ ತುದಿಗೆ ಬಂತು, ಬಂದು ಅಲ್ಲೇ ನಿಂತಿತು. ಕಳಲೆ ಪಲ್ಯ ಇಷ್ಟ ನನಗೆ. ಅವರು ಅದನ್ನು ನನಗೆ ಮಾಡಿಕೊಡುತ್ತಿದ್ದರು, ಅಷ್ಟೇ.

“ಗ್ರೂಪಲ್ಲಿ ಕೇಳಿ ಹೇಳ್ತೀನಿ ಅಣ್ಣ,” ಎಂದು ಫೋನ್ ಇಟ್ಟೆ.

ಅಕ್ಕನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಗ್ರೂಪಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ ಕಳಸದ ಪದ್ಮಕ್ಕ ಕೂಡ ‘ಅಕ್ಕ’ ಎಂದೇ ಕರೆಯುತ್ತಿದ್ದರು. ಮೊದಲ ಸಲ ಅಕ್ಕ ನನ್ನ ಅಂಗಡಿಗೆ ಬಂದದ್ದು ಹಳೆಯ ಬ್ಲೌಸೊಂದನ್ನು ಸಡಿಲ ಮಾಡಿಸಲು. “ನಾನೇನು ದಪ್ಪ ಆಗಿಲ್ಲ, ಬಟ್ಟೆ ಕುಗ್ಗಿದೆ,” ಎಂದು ನಾನು ಕೇಳದೆಯೇ ಹೇಳಿದರು. ನಾನು ಹೊಲಿಗೆ ಬಿಚ್ಚುತ್ತಿದ್ದಾಗ ಸ್ಟೂಲಿನ ಮೇಲೆ ಕೂತು, ಪರಿಚಯ ಪಂಚಾಯ್ತಿ ಏನೂ ಇಲ್ಲದೆ, “ರಾತ್ರಿಗೆ ಎಂತ?” ಎಂದು ಕೇಳಿದರು.

“ಇನ್ನೂ ಯೋಚ್ನೆ ಮಾಡಿಲ್ಲ,” ಎಂದೆ.

“ಯೋಚ್ನೆ ಮಾಡ್ದೆ ಹೆಂಗೆ ಕೈ ಓಡುತ್ತೆ ನಿಮಗೆ? ನಂಗೆ ಬೆಳಿಗ್ಗೆ ಕಾಫಿ ಕುಡೀತಿರೋವಾಗ್ಲೇ ರಾತ್ರಿ ಸಾರಿಂದು ಶುರು ಆಗುತ್ತೆ ಮಾರಾಯ್ತಿ.”

ಅಳತೆ ಕೊಡಲು ಬಂದು ಕಾಯುತ್ತಿದ್ದ ಇನ್ನಿಬ್ಬರು ಬಾಯಿ ಹಾಕಿದರು. ಒಬ್ಬರ ಮನೆಯಲ್ಲಿ ಮಂಗಳೂರು ಸೌತೆಯ ಹುಳಿ, ಇನ್ನೊಬ್ಬರಲ್ಲಿ ಏಡಿ ಸಾರು. ಏಡಿಗೆ ಹುಣಸೆ ಹಾಕಬೇಕೋ ಬೇಡವೋ ಎಂದು ಮಾತು ಶುರುವಾಗಿ ಅಕ್ಕನ ಬಸ್ಸು ತಪ್ಪಿತು. ಆಮೇಲೆ ಅವರು ಬರುವ ದಿನವೆಲ್ಲ ಅಂಗಡಿಯಲ್ಲಿ ಇದೇ ಮಾತು. ಕೊನೆಗೆ ನಾನೇ ಫೋನಿನಲ್ಲಿ ಗ್ರೂಪ್ ಮಾಡಿದೆ. ‘ರಾತ್ರಿಗೆ ಎಂತ?’ ಎಂದೇ ಅದರ ಹೆಸರು. ಮೂಡಿಗೆರೆ, ಗೋಣಿಬೀಡು, ಕಳಸ, ಸಂಸೆಯ ತನಕ ಗಿರಾಕಿಗಳು, ಗಿರಾಕಿಗಳ ನಾದಿನಿಯರು, ನಾದಿನಿಯರ ನೆರೆಮನೆಯವರು ಸೇರಿಕೊಂಡರು.

ಕಾನೂನು ಮಾಡಿದವರು ಅಕ್ಕ. ಮಾಡಿದ್ದನ್ನೇ ಹಾಕಬೇಕು, ಹೋಟೆಲಿನದು ಹಾಕುವ ಹಾಗಿಲ್ಲ, ಬರೀ ಗಂಜಿಯಾದರೂ ನಾಚಿಕೆಪಡಬಾರದು. ಬೆಳಿಗ್ಗೆ ಎದ್ದು ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸುವವರಿಗೆ “ಇದ್ರದ್ದು ಪಲ್ಯ ಮಾಡ್ತೀರಾ?” ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು. ಅಕ್ಕ ಹಾಕುವ ಫೋಟೋಗಳನ್ನು ನೋಡಿದರೆ ನಗು ಬರುತ್ತಿತ್ತು. ಪದ್ಮಕ್ಕ ಬಾಳೆಲೆ ಹಾಸಿ, ಕೊತ್ತಂಬರಿ ಉದುರಿಸಿ, ಬೆಳಕಿಗೆ ಹಿಡಿದು ತೆಗೆಯುತ್ತಿದ್ದರು. ಅಕ್ಕನದು ಒಲೆಯ ಮೇಲಿನ ಪಾತ್ರೆ, ಪಾತ್ರೆಯ ಮೇಲೆ ಹೊಗೆ, ಮೂಲೆಯಲ್ಲಿ ಅವರದೇ ಹೆಬ್ಬೆರಳು. ಒಳಗೆ ಏನಿದೆ ಎಂಬುದನ್ನು ಅವರು ಬರೆದ ಮೇಲೇ ತಿಳಿಯಬೇಕು.

ಬರೆಯುವುದೂ ಒಂದು ಉದ್ದ. ಅವರ ಯಜಮಾನರಿಗೆ ಗೋಣಿಬೀಡಿನಲ್ಲಿ ಮೋಟರ್ ರಿಪೇರಿ ಅಂಗಡಿ. ಕಾಫಿ ಹೂವಿಗೆ ನೀರು ಹಾರಿಸುವ ಕಾಲದಲ್ಲಿ ಸುತ್ತಲ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಅವರ ಅಂಗಳದಲ್ಲೇ ಬಿದ್ದಿರುತ್ತವೆ. ಯಜಮಾನರಿಗೆ ಸಕ್ಕರೆ ಕಾಯಿಲೆ, ಅನ್ನ ಮುಟ್ಟುವ ಹಾಗಿಲ್ಲ. ಅತ್ತೆಗೆ ಹಲ್ಲಿಲ್ಲ. ಮಗ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ದಿನಾ ಬೈಕಿನಲ್ಲಿ ಹೋಗಿ ಬರುವವನು, ತರಕಾರಿ ಕಂಡರೆ ಮುಖ ತಿರುಗಿಸುವವನು. ಹಾಗಾಗಿ ಅಕ್ಕನ ಒಂದು ರಾತ್ರಿಯ ಅಡುಗೆ ಎಂದರೆ ಮೂರು ಅಡುಗೆ. “ಯಜಮಾನ್ರಿಗೆ ಚಪಾತಿ, ಬೆಂಡೆಕಾಯಿ. ಅತ್ತೆಗೆ ಹೆಸರುಬೇಳೆ ಹಾಕಿ ಮೆತ್ತಗೆ ಗಂಜಿ. ಮಗಂಗೆ ಮೊಟ್ಟೆ ಸಾರು. ಎಲ್ರೂ ಉಂಡ್ರಾ?” ಎಂದು ಬರೆಯುತ್ತಿದ್ದರು.

“ನಿಮಗೆ?” ಎಂದು ನಾನು ಕೇಳುತ್ತಿದ್ದೆ.

“ನಂಗೆ ಯಾವ್ದಾದ್ರೂ ಆಯ್ತು ಮಾರಾಯ್ತಿ.”

ಕೇಳಿದೆನಲ್ಲ ಎಂಬ ಸಮಾಧಾನದಲ್ಲಿ ನಾನೂ ಫೋನ್ ಬದಿಗಿಟ್ಟು ನನ್ನ ಸಾರಿಗೆ ಒಗ್ಗರಣೆ ಹಾಕಲು ಏಳುತ್ತಿದ್ದೆ.

ಒಮ್ಮೆ ಅವರ ಮನೆಗೆ ಹೋಗಿದ್ದೆ. ಮಳೆಗಾಲದಲ್ಲಿ ಉಪ್ಪುನೀರಿಗೆ ಹಾಕಿಟ್ಟ ಎಳೆ ಬಿದಿರಿನ ಕಳಲೆಯನ್ನು ನನಗೋಸ್ಕರ ತೆಗೆದಿದ್ದರು. ಅವರು ರುಚಿ ನೋಡುವ ಕ್ರಮವನ್ನು ಕಂಡದ್ದು ಅಂದೇ. ಸೌಟಿನಿಂದ ಒಂದು ಹನಿ ಸಾರನ್ನು ಅಂಗೈ ಗುಳಿಗೆ ಬಿಟ್ಟುಕೊಂಡು, ನಾಲಗೆ ತಾಗಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಆಮೇಲೆ “ಅತ್ತೆ ಬಾಯಿಗೆ ಸರಿ ಇದೆ” ಎನ್ನುತ್ತಿದ್ದರು. ಇಲ್ಲವೇ “ಅವ್ನಿಗೆ ಇನ್ನೊಂಚೂರು ಖಾರ ಬೇಕು” ಎಂದು ಜೀರಿಗೆ ಮೆಣಸು ಜಜ್ಜಿ ಹಾಕುತ್ತಿದ್ದರು. ತಮ್ಮ ನಾಲಗೆಯ ಮೇಲೆ ಬೇರೆಯವರ ನಾಲಗೆ ಇಟ್ಟುಕೊಂಡು ರುಚಿ ನೋಡುವ ಹೆಂಗಸನ್ನು ನಾನು ಅವರೊಬ್ಬರನ್ನೇ ಕಂಡದ್ದು.

ನಮಗೆಲ್ಲ ಬಡಿಸಿದ ಮೇಲೆ ಒಲೆಯ ಹತ್ತಿರ ನಿಂತುಕೊಂಡೇ ಪಾತ್ರೆಯ ತಳದ ಅನ್ನವನ್ನು ಕೆರೆದು ತಟ್ಟೆಗೆ ಹಾಕಿಕೊಂಡರು.

“ಕೂತು ಉಣ್ಣಬಾರ್ದಾ ಅಕ್ಕ?” ಎಂದೆ.

“ಕೂತ್ರೆ ಮತ್ತೆ ಏಳ್ಬೇಕಲ್ಲ. ನಿಂತೇ ಇದ್ರೆ ಆ ಕಷ್ಟ ಇಲ್ಲ ನೋಡು,” ಎಂದು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಅತ್ತೆ ನೀರು ಕೇಳಿದರು, ಅಂಗಳದಲ್ಲಿ ಯಾರೋ ಮೋಟರ್ ಇಳಿಸಲು ಕೂಗಿದರು, ಮಗ ಇನ್ನೊಂದು ರೊಟ್ಟಿ ಎಂದ. ನಾನು ಕೈ ತೊಳೆದು ಬಂದಾಗ ಅವರ ತಟ್ಟೆ ಕಟ್ಟೆಯ ಮೇಲೆ ಅರ್ಧಕ್ಕೇ ಮುಚ್ಚಿಟ್ಟ ಹಾಗೇ ಇತ್ತು.

ಹಾಗೆಂದು ಅವರನ್ನು ದೇವತೆ ಮಾಡಲು ನಾನು ಹೊರಟಿಲ್ಲ. ಮಹಾ ಹಟಮಾರಿ. ಅವರ ಕಂಚಿಕಾಯಿ ಉಪ್ಪಿನಕಾಯಿಗೆ ಏನು ಹಾಕುತ್ತಾರೆ ಎಂದು ನಾನು ಬ್ಲೌಸಿನ ಹೊಲಿಗೆ ಕೂಲಿ ಬಿಟ್ಟುಬಿಡುತ್ತೇನೆಂದರೂ ಹೇಳಲಿಲ್ಲ. ಒಂದು ಆಟಿ ತಿಂಗಳ ಮಳೆಯಲ್ಲಿ ಪದ್ಮಕ್ಕನಿಗೂ ಅವರಿಗೂ ಕೆಸುವಿನೆಲೆಯ ಪತ್ರೊಡೆಗೆ ಬೆಲ್ಲ ಹಾಕುವ ವಿಷಯದಲ್ಲಿ ಭಾರೀ ಜಟಾಪಟಿಯಾಯಿತು. “ಬೆಲ್ಲ ಹಾಕಿದ್ಮೇಲೆ ಅದನ್ನ ಪತ್ರೊಡೆ ಅನ್ನಬೇಡಿ, ಪಾಯಸ ಅನ್ನಿ,” ಎಂದು ಅಕ್ಕ ಬರೆದರು. “ಗೋಣಿಬೀಡಿನವ್ರು ನಮ್ಗೆ ಪತ್ರೊಡೆ ಕಲಿಸೋದು ಬೇಡ,” ಎಂದು ಪದ್ಮಕ್ಕ. ಅಕ್ಕ ಗ್ರೂಪ್ ಬಿಟ್ಟು ಹೋದರು. ಇನ್ನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದು ನನಗೆ ಫೋನ್ ಮಾಡಿ ಹೇಳಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಫೋನ್.

“ಪದ್ಮಕ್ಕ ರಾತ್ರಿಗೆ ಎಂತ ಮಾಡಿದ್ರಂತೆ?”

“ನೀವೇ ಕೇಳಿ.”

“ನಾನ್ಯಾಕೆ ಕೇಳ್ಲಿ? ಸುಮ್ನೆ ನನ್ನನ್ನ ಸೇರಿಸು ವಾಪಸ್. ನೋಡ್ತೀನಿ ಅಷ್ಟೇ.”

ಸೇರಿಸಿದೆ. ಸೇರಿದ್ದೇ ತಡ, ಪದ್ಮಕ್ಕನ ಹುರುಳಿ ಸಾರಿನ ಫೋಟೋ ನೋಡಿ “ಬಣ್ಣ ಚಂದ ಬಂದಿದೆ” ಎಂದು ಬರೆದರು. ಪದ್ಮಕ್ಕ ಒಂದು ನಮಸ್ಕಾರದ ಚಿತ್ರ ಹಾಕಿದರು. ಅಲ್ಲಿಗೆ ಜಗಳ ಮುಗಿಯಿತು, ಬೆಲ್ಲದ ತೀರ್ಮಾನ ಮಾತ್ರ ಆಗಲಿಲ್ಲ.

ಸಂಸೆಯ ಸವಿತಾ ನಮ್ಮಲ್ಲೆಲ್ಲ ಚಿಕ್ಕವಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಕಡುಬಿಗೆ ಅಕ್ಕಿತರಿ ಬೇಯಿಸಲು ಬರುತ್ತಿರಲಿಲ್ಲ. ನೆಂಟರು ಬಂದು ಕೂತ ಸಂಜೆ ಹಿಟ್ಟು ಗಂಟು ಗಂಟಾಗಿ, ಅವಳು ಗ್ರೂಪಿನಲ್ಲಿ ಅಳುವ ಮುಖದ ಚಿತ್ರ ಹಾಕಿದಳು. ಅಕ್ಕ ಕೂಡಲೇ ಅವಳಿಗೆ ಫೋನ್ ಮಾಡಿ, ಫೋನನ್ನು ಒಲೆಯ ಪಕ್ಕ ಇಡು ಎಂದು ಹೇಳಿ, ಹಿಟ್ಟು ಹದಕ್ಕೆ ಬರುವ ತನಕ “ತೊಳಸು, ಇನ್ನೂ ತೊಳಸು, ಕೈ ನಿಲ್ಲಿಸ್ಬೇಡ ಕೂಸೇ” ಎನ್ನುತ್ತ ಲೈನಿನಲ್ಲೇ ಇದ್ದರಂತೆ. ಈ ಕಡೆ ಅವರ ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು, ಅದಕ್ಕೆ ಅತ್ತೆಯಿಂದ ಬೈಗುಳ ಬೇರೆ.

ಆಮೇಲೊಂದು ಸಲ ಸವಿತಾ ಗ್ರೂಪಿನಲ್ಲಿ ಏನೂ ಹಾಕದೆ ಸುಮ್ಮನಾದಳು. ಹೊಟ್ಟೆಯಲ್ಲಿದ್ದ ಮಗು ನಿಲ್ಲಲಿಲ್ಲ ಎಂದು ಯಾರಿಂದಲೋ ತಿಳಿಯಿತು. ನಾವೆಲ್ಲ “ದೇವರು ದೊಡ್ಡವನು, ಧೈರ್ಯ ತಗೋ” ಎಂದು ಬರೆದು ಕೈ ತೊಳೆದುಕೊಂಡೆವು. ಅಕ್ಕ ಒಂದಕ್ಷರ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಗೋಣಿಬೀಡಿನಿಂದ ಮೂಡಿಗೆರೆಗೆ ಬಂದು, ಕೊಟ್ಟಿಗೆಹಾರದ ಮೇಲೆ ಕಳಸದ ಬಸ್ಸು ಹಿಡಿದು, ಅಲ್ಲಿಂದ ಜೀಪಿನಲ್ಲಿ ಸಂಸೆಗೆ ಹೋದರು. ಕೈಯಲ್ಲಿ ಟಿಫಿನ್ ಕ್ಯಾರಿಯರ್, ಅದರಲ್ಲಿ ಕಾಳುಮೆಣಸಿನ ಸಾರು. ನನಗೆ ಅವರು ಹೇಳಿದ್ದು “ಹೋಗಿ ಬಂದೆ” ಎಂದಷ್ಟೇ. ಉಳಿದದ್ದನ್ನು ಹೇಳಿದವಳು ಸವಿತಾ.

“ಎಂತದೂ ಕೇಳ್ಲಿಲ್ಲ ಟೈಲರಮ್ಮ. ಸಮಾಧಾನನೂ ಹೇಳ್ಲಿಲ್ಲ. ಅನ್ನ ಮಾಡಿ, ಸಾರು ಬಿಸಿ ಮಾಡಿ, ಕಲಸಿ ಕೈತುತ್ತು ಕೊಟ್ರು. ನಾನು ಅಳ್ತಾ ಅಳ್ತಾ ತಿಂದೆ. ನೀವೂ ಉಣ್ಣಿ ಅಕ್ಕ ಅಂದ್ರೆ, ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೇಬಿಟ್ರು.”

ಅಷ್ಟು ದೂರ ಹೋಗಿ, ಅಷ್ಟು ದೂರ ವಾಪಸು ಬಂದು, ಅಂದು ರಾತ್ರಿಯೂ ಮೂರು ಅಡುಗೆ ಮಾಡಿ ಹಾಕಿದ್ದರು. ಅಂದು ಅವರು ಏನು ಉಂಡರೋ, ಎಷ್ಟು ಹೊತ್ತಿಗೆ ಉಂಡರೋ, ಉಂಡರೋ ಇಲ್ಲವೋ, ನನಗೆ ಗೊತ್ತಿಲ್ಲ.

ಈ ಸಲ ಕಾಫಿ ಕೊಯ್ಲು ಮುಗಿದು ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗಲು ಶುರುವಾದ ವಾರ ಅವರು ಹೋದದ್ದು. ಹಿಂದಿನ ರಾತ್ರಿ ಎಂದಿನಂತೆ ಬರೆದಿದ್ದರು. ಯಜಮಾನರಿಗೆ ರಾಗಿ ರೊಟ್ಟಿ, ಅತ್ತೆಗೆ ಗಂಜಿ, ಮಗನಿಗೆ ಒಣಮೀನಿನ ಸಾರು, ಎಲ್ಲರೂ ಉಂಡಿರಾ. ಬೆಳಿಗ್ಗೆ ತಿಂಡಿ ಮುಗಿಸಿ ಪಾತ್ರೆ ತೊಳೆಯುವಾಗ ಎದೆ ಹಿಡಿದುಕೊಂಡು ಕೂತರಂತೆ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಕಾರು ತಂದರು. ಹಾಸನ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಆ ರಾತ್ರಿ ನಮ್ಮ ಗ್ರೂಪಿನಲ್ಲಿ ಯಾರೂ ಏನೂ ಹಾಕಲಿಲ್ಲ. ಎಲ್ಲರ ಮನೆಯಲ್ಲೂ ಏನೋ ಒಂದು ಬೆಂದಿರುತ್ತದೆ, ಮಕ್ಕಳು ಗಂಡಸರು ಉಂಡಿರುತ್ತಾರೆ. ಹೇಳಿಕೊಳ್ಳಲು ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ.

ಯಜಮಾನರ ಫೋನ್ ಬಂದ ದಿನ ನಾನು ಆ ಮೌನ ಮುರಿದು ಗ್ರೂಪಿನಲ್ಲಿ ಕೇಳಿದೆ. ಅಕ್ಕನಿಗೆ ಏನು ಇಷ್ಟ, ಯಾರಿಗಾದರೂ ಗೊತ್ತಿದ್ದರೆ ಹೇಳಿ, ಎಡೆಗೆ ಬೇಕು ಎಂದು ಬರೆದೆ. ಉತ್ತರಗಳು ಸಾಲಾಗಿ ಬಂದವು. ಸವಿತಾ ಕಾಳುಮೆಣಸಿನ ಸಾರು ಎಂದಳು. ಪದ್ಮಕ್ಕ ಪತ್ರೊಡೆ ಎಂದರು. ಒಬ್ಬರು ಹಲಸಿನ ಬೀಜದ ಪಲ್ಯ, ಇನ್ನೊಬ್ಬರು ನೀರುದೋಸೆ ಕಾಯಿಚಟ್ನಿ. ನಾನು ಮೊದಲಿನಿಂದ ಇನ್ನೊಮ್ಮೆ ಓದಿದೆ. ಪ್ರತಿಯೊಬ್ಬರೂ ಹೇಳುತ್ತಿದ್ದದ್ದು ತಮತಮಗೆ ಇಷ್ಟವಾದದ್ದನ್ನು. ಅಕ್ಕ ಯಾರಿಗೆ ಏನು ಮಾಡಿಕೊಟ್ಟಿದ್ದರೋ, ಅವರು ಅದನ್ನೇ ಅಕ್ಕನಿಗೆ ಇಷ್ಟ ಎಂದುಕೊಂಡಿದ್ದರು.

ಮಗನಿಗೆ ಫೋನ್ ಮಾಡಿದೆ. ಕೆಲಸಕ್ಕೆ ಹೋಗಿರಲಿಲ್ಲ, ತಿಥಿಗೆ ಬಾಳೆಲೆ ತರಲು ಪೇಟೆಗೆ ಬಂದಿದ್ದ. “ಅಮ್ಮಂಗಾ? ಅಮ್ಮಂಗೆ ಕೋಳಿ ಸಾರು, ಕಡುಬು ಅಂದ್ರೆ ಪ್ರಾಣ,” ಎಂದು ಥಟ್ಟನೆ ಹೇಳಿದ.  ಹಿಂದೆ ಬಸ್ಸುಗಳ ಹಾರ್ನ್ ಕೇಳುತ್ತಿತ್ತು. “ಇಲ್ಲ,” ಎಂದ ಸ್ವಲ್ಪ ಹೊತ್ತಿನ ಮೇಲೆ. “ಅದು ನಂಗೆ ಇಷ್ಟ.” ಅಷ್ಟು ದೊಡ್ಡ ಹುಡುಗ ನಡುಪೇಟೆಯಲ್ಲಿ ನಿಂತು ಬಿಕ್ಕುವುದು ಫೋನಿನಲ್ಲಿ ಕೇಳಿಸಿತು. ನನಗೂ ತಡೆದುಕೊಳ್ಳಲಾಗಲಿಲ್ಲ.

ಸಂಜೆ ಯಜಮಾನರಿಗೆ ಹೇಳಿದೆ. “ಯಾರಿಗೂ ಗೊತ್ತಾಗ್ಲಿಲ್ಲ ಅಣ್ಣ.”

 “ಸಾರಿಗೆ ಉಪ್ಪು ಕಮ್ಮಿ ಅಂತ ಹೇಳೋಕೆ ಬಾಯಿ ಇತ್ತು ಟೈಲರಮ್ಮ ನಂಗೆ. ನಿಂಗೇನು ಬೇಕು ಅಂತ ಕೇಳೋಕೆ ಬಾಯಿ ಬರ್ಲಿಲ್ಲ ನೋಡಿ,” ಎಂದರು. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಬಂದು ಅಡುಗೆಗೆ ಕೈ ಹಾಕುತ್ತೇವೆ ಎಂದೆ. ಬನ್ನಿ ಎಂದರು.

ತಿಥಿಯ ದಿನ ಪದ್ಮಕ್ಕ, ಸವಿತಾ, ನಾನು ಬೆಳಿಗ್ಗೆಯೇ ಹೋದೆವು. ನೆಂಟರಿಷ್ಟರ ಊಟಕ್ಕೆ ಅಂಗಳದಲ್ಲಿ ಬಾಡಿಗೆ ಪಾತ್ರೆಗಳು, ಅಡುಗೆಯವರು. ಎಡೆಯ ಅಡುಗೆ ಮಾತ್ರ ಮನೆಯೊಳಗೆ, ಅಕ್ಕನ ಒಲೆಯಲ್ಲಿ. ಉಪ್ಪಿನ ಡಬ್ಬಿ, ಹುಳಿಯ ಭರಣಿ, ಒಗ್ಗರಣೆ ಸೌಟು ಎಲ್ಲ ಅವರು ಇಟ್ಟಲ್ಲೇ ಇದ್ದವು. ಒಲೆ ಹೊತ್ತಿಸಿಯೂ ನಾವು ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು.

ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಮಾತಾಡಿದರು. ಸೊಸೆಯನ್ನು ಕಳೆದುಕೊಂಡ ಮೇಲೆ ಆ ಮುದುಕಿ ಯಾರ ಹತ್ತಿರವೂ ಹೆಚ್ಚು ಮಾತಾಡಿರಲಿಲ್ಲವಂತೆ. “ಎಂತ ಬೇಕಾದ್ರೂ ಮಾಡ್ರೇ. ಬಿಸಿ ಇರ್ಲಿ. ಬಿಸಿ ಅನ್ನ ಉಂಡಿದ್ದು ನಾನು ಕಾಣ್ಲಿಲ್ಲ ಅವ್ಳು. ಉಣ್ಣೋಕೆ ಅಂತ ನಿಂತಾಗೆಲ್ಲ ನಾನೇ ಕರೀತಿದ್ದೆ.”

ಪದ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಕಳಸದಿಂದ ತಂದ ಡಬ್ಬಿಯನ್ನು ಬಿಚ್ಚಿದರು. ಕೆರೆ ಬದಿಯಲ್ಲಿ ಹುಡುಕಿ ಕೊಯ್ದ ಕೆಸುವಿನೆಲೆಯ ಪತ್ರೊಡೆ. “ಬೆಲ್ಲ ಹಾಕಿಲ್ಲ,” ಎಂದರು ಯಾರನ್ನೂ ನೋಡದೆ. ಆಮೇಲೆ ಗಟ್ಟಿಯಾಗಿ ಹೇಳಿದರು: “ಗೊತ್ತಿಲ್ಲ ಅಂದ್ಮೇಲೆ ಗೊತ್ತಿಲ್ಲ. ಸುಳ್ಳು ಹೇಳೋದು ಬೇಡ. ಎಲ್ಲಾ ಒಂದೊಂದು ಚೂರು ಮಾಡಿ ಇಡೋಣ. ಯಾವ್ದು ಬೇಕೋ ಅವ್ಳೇ ಆರಿಸ್ಕೊಳ್ಲಿ.”

ಹಾಗೇ ಮಾಡಿದೆವು. ಕೋಳಿ ಸಾರು, ಕಡುಬು, ಅಕ್ಕಿರೊಟ್ಟಿ, ಕಳಲೆ ಪಲ್ಯ, ಹಲಸಿನ ಬೀಜ, ಒಣಮೀನು. ಎಡೆಯ ಅಡುಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ, ಎಂಜಲಾಗುತ್ತದೆ. ಸವಿತಾ ಕಾಳುಮೆಣಸಿನ ಸಾರು ಇಳಿಸುವ ಮುಂಚೆ, ಅಕ್ಕನಿಂದ ಕಲಿತ ಅಭ್ಯಾಸ, ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡೇಬಿಟ್ಟಳು. ಪದ್ಮಕ್ಕ “ಅಯ್ಯೋ” ಎಂದರು. ಅವಳು ಕೈಯನ್ನು ಹಾಗೇ ಹಿಡಿದುಕೊಂಡು ನಿಂತಳು, ನೆಕ್ಕಲೂ ಇಲ್ಲ, ಒರೆಸಲೂ ಇಲ್ಲ. “ಉಪ್ಪು ಸರಿ ಇದ್ಯೋ ಇಲ್ವೋ ಯಾರನ್ನ ಕೇಳೋದು ಈಗ?” ಎಂದು ಜೋರಾಗಿ ಅತ್ತಳು. ನಾನು ಅವಳ ಕೈಯನ್ನು ನೀರಿಗೆ ಹಿಡಿದು ತೊಳೆಸಿದೆ. ಉಪ್ಪು ಹೇಗಿತ್ತೋ ಹಾಗೇ ಇರಲಿ ಎಂದು ಬಿಟ್ಟೆವು.

ನಡುಮನೆಯಲ್ಲಿ ಅಕ್ಕನ ಫೋಟೋ ಇಟ್ಟು, ದೀಪ ಹಚ್ಚಿ, ಎಲೆ ಹಾಕಿದ್ದರು. ಅನ್ನವನ್ನು ಒಲೆಯಿಂದ ಇಳಿಸಿದ ಹಾಗೇ ತಂದೆವು, ಹಬೆ ಆಡುತ್ತಿತ್ತು. ಯಜಮಾನರು ತಾವೇ ಬಡಿಸುತ್ತೇನೆ ಎಂದರು. ಗ್ರೀಸಿನ ಕಪ್ಪು ಉಗುರಿನಿಂದ ಹೋಗದ ಕೈ, ಒಬ್ಬರಿಗೆ ಬಡಿಸಿ ಗೊತ್ತಿಲ್ಲದ ಕೈ. ಎಲೆಯ ಯಾವ ಕಡೆ ಅನ್ನ, ಯಾವ ಕಡೆ ಪಲ್ಯ ಎಂದು ಅವರಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದರು. ನಾನು ಬೆರಳು ತೋರಿಸಿದ ಕಡೆ ಒಂದೊಂದೇ ಬಡಿಸಿದರು. ಕಡುಬಿನ ಮೇಲೆ ಸಾರು ಬಿಟ್ಟರು. ಲೋಟಕ್ಕೆ ನೀರು ತುಂಬಿ ಎಲೆಯ ಪಕ್ಕ ಇಟ್ಟು, ಸ್ವಲ್ಪ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಹೋದವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಹಿರಿಯರೊಬ್ಬರು ಬಾಗಿಲು ತಟ್ಟಿ ತೆರೆಯುತ್ತಾರೆ, ಆಮೇಲೆ ಉಳಿದವರ ಊಟ. ನಾವೆಲ್ಲ ಜಗಲಿಯಲ್ಲಿ ಕೂತೆವು. ಮಗ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದ. ಅತ್ತೆಯನ್ನು ಕುರ್ಚಿಯ ಸಮೇತ ಹೊರಗೆ ತಂದು ಕೂರಿಸಿದ್ದರು. ದೂರದ ತೋಟದಲ್ಲಿ ಸ್ಪ್ರಿಂಕ್ಲರ್ ಚಟಚಟ ತಿರುಗುವ ಸದ್ದು ಕೇಳುತ್ತಿತ್ತು.  ಒಳಗೆ ಅವರು ಉಣ್ಣುತ್ತಿದ್ದಾರೆ, ನಾವೆಲ್ಲ ಅವರ ಊಟ ಮುಗಿಯಲಿ ಎಂದು ಕಾಯುತ್ತಿದ್ದೇವೆ. ಹೀಗೆ ಒಂದು ದಿನವೂ ಆ ಮನೆಯಲ್ಲಿ ಆಗಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. 

ಅಂಗಳದಲ್ಲಿ ಊಟಕ್ಕೆ ಬಂದವರಿಗೆ ಹೊತ್ತಾಗುತ್ತಿತ್ತು. ಯಜಮಾನರ ದೊಡ್ಡಪ್ಪ ಎದ್ದು, “ಆಯ್ತು, ತೆಗೀಬೋದು ಇನ್ನು,” ಎನ್ನುತ್ತ ಬಾಗಿಲು ತಟ್ಟಲು ಕೈ ಎತ್ತಿದರು.

ಯಜಮಾನರು ಎದ್ದು ಹೋಗಿ ಆ ಕೈಯನ್ನು ಹಿಡಿದುಕೊಂಡರು.

“ಇರ್ಲಿ ದೊಡ್ಡಪ್ಪ, ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ,” ಎಂದರು. “ನಿಧಾನಕ್ಕೆ ಉಣ್ಲಿ ಅವ್ಳು.”

ದೊಡ್ಡಪ್ಪ ಕೈ ಇಳಿಸಿದರು. ನಾವೆಲ್ಲ ಮತ್ತೆ ಕೂತೆವು.